ಹಿಮದ ಸಲಿಕೆ: ಬಾಚಿ ಅಲ್ಲ, ಕಡಿದು ನೋಡಿ ಕೊಳ್ಳಿ

ನಮ್ಮ ಕಡೆ ಅಗೆಯಲು ಗುದ್ದಲಿ, ಬಾಚಲು ಸಲಿಕೆ. ಹಿಮ ಕುಸಿದು ಹೂತವರನ್ನು ಹೊರತೆಗೆಯುವಾಗ ಎರಡೂ ಕೆಲಸ ಒಂದೇ ಸಲಿಕೆಯದು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತಿ ಕಾಲು ಪಳಗಿಸಿಕೊಂಡು ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಡುವವರು ಇದನ್ನು ಮರೆತು, ಹಗುರವಾಗಿದೆ ಎಂದು ಪ್ಲಾಸ್ಟಿಕ್ಕಿನದನ್ನು ತರುತ್ತಾರೆ.

ಮೊದಲು, ಬೇಕೇ ನೋಡಿ. ಗೈಡ್ ಜೊತೆ ಕೇದಾರಕಂಠದಂಥ ರೂಢಿಯ ದಾರಿಯಲ್ಲಿ ನಡೆಯುವವರಿಗೆ ಸಾಮಾನ್ಯವಾಗಿ ಬೇಕಾಗದು. ಗುಲ್ಮಾರ್ಗ್‌ನಂಥ ಕಡೆ ದಾರಿ ಬಿಟ್ಟು ಕಡಿದಾದ ಇಳಿಜಾರಿಗೆ ಇಳಿಯುವುದಾದರೆ ತಂಡಕ್ಕೊಂದು ಸಾಲದು. ತಲೆಗೊಂದು ಬೇಕು, ಜೊತೆಗೆ ಬೀಕನ್ (ಹೂತವರ ಜಾಗ ರೇಡಿಯೊ ಸಂಕೇತದಿಂದ ಹುಡುಕುವ ಸಾಧನ) ಮತ್ತು ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು).

ಅಲಗು: ಅಲ್ಯೂಮಿನಿಯಮ್ಮಿನದೇ ಇರಲಿ. ಕುಸಿದು ನಿಂತ ಹಿಮ ಹೊಸ ಹಿಮದಂತೆ ಹತ್ತಿಯಲ್ಲ, ಕಾಂಕ್ರೀಟಿನಂತೆ ಗಟ್ಟಿ. ಪ್ಲಾಸ್ಟಿಕ್ ಅಲಗು ಅದರ ಮೇಲೆ ಬಾಗಿ ಪುಟಿಯುತ್ತದೆ, ಚಳಿಗೆ ಸೀಳುವುದೂ ಉಂಟು. ಉದ್ದ 25–30, ಅಗಲ 20–25 ಸೆಂ.ಮೀ. ಸಾಕು. ಇದಕ್ಕಿಂತ ದೊಡ್ಡದಾದರೆ ಪ್ರತಿ ಸಲ ಎತ್ತುವ ಭಾರ ಹೆಚ್ಚಿ ರಟ್ಟೆ ಬೇಗ ಸೋಲುತ್ತದೆ. ಮೇಲಂಚು ಬೂಟಿಟ್ಟು ತುಳಿಯುವಷ್ಟು ಮಡಚಿರಲಿ.

ಕಾವು: ಎಳೆದು ಉದ್ದ ಮಾಡುವಂಥದ್ದು ಬೇಕು. ಗಿಡ್ಡ ಕಾವಿನಿಂದ ಬಗ್ಗಿ ಬಗ್ಗಿ ಅಗೆದರೆ ಸೊಂಟ ಹಿಡಿಯುತ್ತದೆ. ದುಂಡನೆಯ ಕೊಳವೆಗಿಂತ ಮೊಟ್ಟೆಯಾಕಾರದ್ದು ವಾಸಿ, ಕೈಯಲ್ಲಿ ತಿರುಗುವುದಿಲ್ಲ. ಕೆಲವು ಸಲಿಕೆಗಳಲ್ಲಿ ಅಲಗನ್ನು ಅಡ್ಡ ಕೂರಿಸಿ ಗುದ್ದಲಿ ಮಾಡಿಕೊಳ್ಳಬಹುದು. ಗುದ್ದಲಿ ಹಿಡಿದು ಬೆಳೆದವರಿಗೆ ಇದರ ಲಾಭ ವಿವರಿಸಬೇಕಿಲ್ಲ.

ಹಿಡಿ: ದಪ್ಪ ಗವಸು ತೊಟ್ಟ ಕೈಗೆ ‘ಡಿ’ ಆಕಾರದ್ದು ಸಲೀಸು. ‘ಟಿ’ ಆಕಾರದ್ದು ತುಸು ಹಗುರ, ಚೀಲದಲ್ಲೂ ಕಡಿಮೆ ಜಾಗ ಸಾಕು.

ಇಷ್ಟೆಲ್ಲ ಸೇರಿ ತೂಕ 600ರಿಂದ 800 ಗ್ರಾಂ ಬರುತ್ತದೆ. ತೀರಾ ಕಡಿಮೆ ಇದ್ದರೆ ಲೋಹ ತೆಳುವಾಗಿದೆ ಎಂದೇ ಶಂಕಿಸಿ.

ಈಗ ಪರೀಕ್ಷೆ. ಸಡಿಲ ಮರಳಿನಲ್ಲಿ ಎಲ್ಲ ಸಲಿಕೆಯೂ ಚೆನ್ನಾಗಿಯೇ ಕಾಣುತ್ತದೆ. ಒಣಗಿದ ಎರೆ ಹೊಲದ ಹೆಂಟೆಗೆ ನಾಲ್ಕಾರು ಏಟು ಹಾಕಿ, ಅಲಗು ಮತ್ತು ಕಾವು ಸೇರುವ ಜಾಗ ನೋಡಿ. ಅಲ್ಲಿ ಅಲುಗಾಟ ಶುರುವಾದರೆ ಅದು ಬೇಡ. ಜೋಡಿಸಿದ ಕಾವನ್ನು ಬಿಗಿಹಿಡಿಯುವ ಬೀಗದ ಗುಂಡಿ ಕೈಕೊಡುವುದು ತೂತಿನೊಳಗೆ ನೀರು ಹೆಪ್ಪುಗಟ್ಟಿದಾಗ. ಐಸ್‌ಕ್ರೀಮ್ ಅಂಗಡಿಯವರು ಪರಿಚಯವಿದ್ದರೆ, ಕಾವನ್ನು ಒದ್ದೆ ಮಾಡಿ ಅವರ ಡೀಪ್ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ (ಅವರು ನಕ್ಕರೆ ನಗಲಿ). ಬೆಳಿಗ್ಗೆ ಗವಸು ತೊಟ್ಟೇ ಜೋಡಿಸಿ. ಅರ್ಧ ನಿಮಿಷದೊಳಗೆ ಸಿದ್ಧವಾಗಬೇಕು. ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಕಳೆದ ಮೇಲೆ ಧಡಕ್ಕನೆ ಇಳಿಯುತ್ತದೆ.

ವಿಮಾನದಲ್ಲಿ ಇದನ್ನು ಚೆಕ್-ಇನ್ ಲಗೇಜಿಗೆ ಹಾಕಿ. ಬೆಟ್ಟದಲ್ಲಿ ಅಲಗು, ಕಾವು ಬೇರೆ ಮಾಡಿ ಬೆನ್ನುಚೀಲದೊಳಗೇ ಇಡಿ. ಹೊರಗೆ ಕಟ್ಟಿದ್ದು ಹಿಮ ಕುಸಿದಾಗ ಕಿತ್ತುಹೋಗಬಹುದು.