ಹಂದಿಗಳ ಬಾಲ ಕಚ್ಚಾಟ: ಗಾಯ ಹೊರಗೆ, ಕೀವು ಒಳಗೆ

ಬೆಳಿಗ್ಗೆ ಹಂದಿಗಳಿಗೆ ಆಹಾರ ಹಾಕುವಾಗ ಮೊದಲು ಬಾಲ ನೋಡಿ. ಸುರುಳಿ ಸುತ್ತಿರಬೇಕಾದ ಬಾಲವನ್ನು ನಾಲ್ಕಾರು ಹಂದಿಗಳು ಇಳಿಬಿಟ್ಟು ಕಾಲ ಸಂದಿಗೆ ಅವಿಸಿಕೊಂಡಿದ್ದರೆ ಕಚ್ಚಾಟ ಶುರುವಾಗಿದೆ, ಇಲ್ಲವೇ ಒಂದೆರಡು ದಿನದಲ್ಲಿ ಆಗಲಿದೆ. ರಕ್ತ ಕಾಣುವ ತನಕ ಕಾಯಬೇಡಿ. ರಕ್ತ ಕಂಡರೆ ಉಳಿದವೂ ಆ ಬಾಲಕ್ಕೇ ಮುಗಿಬೀಳುತ್ತವೆ.

ಬಾಲದ ಗಾಯ ತಾನೇ ಎಂದು ಬಿಡುವುದು ದೊಡ್ಡ ತಪ್ಪು. ಬಾಲದ ಮೂಳೆ ಬೆನ್ನೆಲುಬಿನ ತುದಿ. ಹೊಲಸಿನಲ್ಲಿ ನೆನೆದ ಗಾಯದಿಂದ ಬ್ಯಾಕ್ಟೀರಿಯಾ ರಕ್ತನಾಳಗಳ ಮೂಲಕ ಮೇಲೇರಿ ಬೆನ್ನೆಲುಬಿನಲ್ಲಿ ಕೀವು ಕಟ್ಟಿಸುತ್ತವೆ. ಬೆನ್ನುಹುರಿ ಒತ್ತಿಕೊಂಡಾಗ ಹಂದಿ ಹಿಂಗಾಲು ಎಳೆಯುತ್ತದೆ, ನಾಯಿಯ ಹಾಗೆ ಕುಳಿತೇ ಇರುತ್ತದೆ. ಸೋಂಕು ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಕೀಲಿಗೆ ಇಳಿದರೆ ಕುಂಟು. ಮೇಲೆ ಗಾಯ ಒಣಗಿದ್ದರೂ ತೂಕ ಏರುವುದಿಲ್ಲ; ಕೊಯ್ದಾಗ ಒಳಗೆ ಕೀವು ಸಿಕ್ಕರೆ ಮಾಂಸ ಬಿಸಾಡಬೇಕು.

ಗಾಯಗೊಂಡ ಹಂದಿಯನ್ನು ಕೂಡಲೇ ಒಣ ಹಾಸಿನ ಮೇಲೆ ಬೇರೆ ಇಡಿ. ಆಮೇಲೆ ಅರ್ಧ ಗಂಟೆ ಸುಮ್ಮನೆ ನಿಂತು ಕಚ್ಚುವ ಹಂದಿ ಯಾವುದೆಂದು ಗುರುತಿಸಿ ಅದನ್ನೂ ಬೇರ್ಪಡಿಸಿ. ಅನೇಕ ಸಲ ಅದು ಗುಂಪಿನಲ್ಲಿ ಸೊರಗಿದ ಸಣ್ಣ ಹಂದಿಯಾಗಿರುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕಲಸಿ ಗಾಯ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ. ಸೀಮೆಎಣ್ಣೆ, ಸುಣ್ಣ ಬೇಡವೇ ಬೇಡ, ಹಸಿ ಮಾಂಸ ಸುಡುತ್ತದೆ. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳುವುದರಿಂದ ದಿನಕ್ಕೆರಡು ಸಲ ಗಾಯ ನೋಡಿ. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ಬಾಲದ ಬುಡ ಊದಿದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆ್ಯಂಟಿಬಯೋಟಿಕ್ ಮತ್ತು ನೋವಿನ ಔಷಧದ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮಾಂಸಕ್ಕೆ ಮಾರಬಾರದು ಎಂದೂ ಕೇಳಿಕೊಳ್ಳಿ.

ಇಷ್ಟು ಮಾಡಿಯೂ ಕಾರಣ ಹಾಗೇ ಉಳಿದರೆ ಮತ್ತೊಂದು ಹಂದಿ ಕಚ್ಚುತ್ತದೆ. ನೆಲ ಕೆದರುವುದು ಹಂದಿಯ ಹುಟ್ಟುಗುಣ; ಬರೀ ಸಿಮೆಂಟ್ ನೆಲದಲ್ಲಿ ಮೂತಿಗೆ ಸಿಗುವುದು ಪಕ್ಕದ ಹಂದಿಯ ಬಾಲವೊಂದೇ. ಹಾವೇರಿ ಕಡೆ ಗೋವಿನಜೋಳದ ದಂಟು, ಗದಗ ಕಡೆ ಜೋಳದ ಕಣಕಿ, ಶೇಂಗಾ ಹೊಟ್ಟು ಬೇಕಾದಷ್ಟಿದೆ. ದಿನಾ ಹೊಸದಾಗಿ ಒಂದೊಂದು ಹಿಡಿ ಹರಡಿ. ಬೂಸ್ಟು ಹಿಡಿದದ್ದು ಬೇಡ. ಹಂದಿ ಕಚ್ಚಿ ಆಡಲೆಂದು ಸರಪಳಿ ತೂಗುಬಿಟ್ಟರೆ ನಾಲ್ಕು ದಿನದಲ್ಲಿ ಅದರ ಹಂಬಲ ತೀರಿಹೋಗುತ್ತದೆ.

ಸೆಖೆ, ಇಕ್ಕಟ್ಟು, ಕೆಟ್ಟ ಗಾಳಿಯೂ ಕಚ್ಚಾಟ ಹುಟ್ಟಿಸುತ್ತವೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ನೆರಳು, ನೀರು ಚಿಮುಕಿಸುವ ವ್ಯವಸ್ಥೆ, 10 ಹಂದಿಗೆ ಒಂದು ನಲ್ಲಿ ಇರಲೇಬೇಕು. ಬೆಳೆಯುವ ಹಂದಿಯೊಂದಕ್ಕೆ 10 ಚದರ ಅಡಿಗಿಂತ ಕಡಿಮೆ ಜಾಗ ಕೊಡಬೇಡಿ. ಹಂದಿಯ ಮೂತಿಯ ಮಟ್ಟಕ್ಕೆ ಕುಳಿತು ನೋಡಿ. ನಿಮ್ಮ ಕಣ್ಣು ಉರಿದರೆ ಮಲಮೂತ್ರದಿಂದ ಏಳುವ ಅಮೋನಿಯಾ ಅನಿಲ ಹೆಚ್ಚಾಗಿದೆ ಎಂದರ್ಥ.

ಉಪ್ಪಿನ ಕೊರತೆಯೂ ಕಚ್ಚಾಟಕ್ಕೆ ಒಂದು ಕಾರಣ. ಆದರೆ ಹುಬ್ಬಳ್ಳಿಯ ಹೋಟೆಲ್ ಮುಸುರೆ ತಂದು ಹಾಕುವವರು ಬೇರೆ ಉಪ್ಪು ಸೇರಿಸಬಾರದು. ಅದರಲ್ಲಿ ಮೊದಲೇ ಉಪ್ಪಿದೆ. ನೀರು ಸಾಲದಿದ್ದರೆ ಅದೇ ವಿಷವಾಗಿ ಮಿದುಳಿಗೆ ಏರುತ್ತದೆ. ಮುಸುರೆಯನ್ನು ಚೆನ್ನಾಗಿ ಕುದಿಸಿಯೇ ಹಾಕಿ.