ಬಾಲಕಿಯರ ರಾಷ್ಟ್ರೀಯ ಫುಟ್‌ಬಾಲ್‌ಗೆ ದಾವಣಗೆರೆಯಿಂದ ತಯಾರಿ

ರಾಷ್ಟ್ರೀಯ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಆಡುವುದು ರಾಜ್ಯ ತಂಡಗಳು. ಶಾಲೆಯಾಗಲಿ ಕ್ಲಬ್ಬಾಗಲಿ ನೇರವಾಗಿ ಹೋಗುವಂತಿಲ್ಲ. ದಾವಣಗೆರೆಯ ಹುಡುಗಿಗೆ ದಾರಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಆಯ್ಕೆಯ ಮೂಲಕ.

ಮೊದಲು ಕಾಗದಪತ್ರ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ನೋಂದಣಿ ಅಲ್ಲೇ ಸಿಕ್ಕಿಕೊಳ್ಳಬಹುದು. ಆಯ್ಕೆಗೆ ಸಾಕಷ್ಟು ಮುಂಚೆಯೇ ತಿದ್ದಿಸಿ.

ಅಭ್ಯಾಸದಲ್ಲಿ ಮೊಣಕಾಲಿನ ಮೇಲೆ ಹೆಚ್ಚು ಗಮನವಿಡಿ. ಎಸಿಎಲ್ (ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಮುಖ್ಯ ಅಸ್ಥಿರಜ್ಜು) ಗಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಜಿಗಿದು ಇಳಿಯುವಾಗ, ಥಟ್ಟನೆ ತಿರುಗುವಾಗ ಮೊಣಕಾಲು ಒಳಕ್ಕೆ ವಾಲುವುದು ಇದಕ್ಕೊಂದು ಮುಖ್ಯ ಕಾರಣ. ಫಿಫಾದ ‘11+’ ವಾರ್ಮ್‌ಅಪ್ 20 ನಿಮಿಷದ್ದು: 8 ನಿಮಿಷ ನಿಧಾನ ಓಟ, 10 ನಿಮಿಷ ಬಲ, ಜಿಗಿತ, ಸಮತೋಲನ, ಕೊನೆಗೆ 2 ನಿಮಿಷ ವೇಗದ ಓಟ. ವಾರಕ್ಕೆ ಕನಿಷ್ಠ 2 ಸಲ ಮಾಡಿಸಿ. ಇಳಿಯುವಾಗ ಮೊಣಕಾಲು ಪಾದದ ನೇರಕ್ಕೇ ಇರಬೇಕು, ಸದ್ದು ಕೇಳಿಸಬಾರದು. ಧಪ್ಪೆಂದರೆ ಮತ್ತೆ ಮಾಡಿಸಿ, ಬಿಡಬೇಡಿ.

ಎರೆ ಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕು ಮುಚ್ಚಿಯೇ ಆಡಿಸಿ. ಗಟ್ಟಿ ನೆಲಕ್ಕೆ ಉದ್ದ ಸ್ಟಡ್ (ಬೂಟಿನ ಅಡಿಯ ಮೊಳೆಯಂಥ ಉಬ್ಬು) ಬೇಡ. ಚೆಂಡು 5ನೇ ಸೈಜಿನದು, 410–450 ಗ್ರಾಂ.

ಪಂದ್ಯಕ್ಕೆ 3 ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು ಸಾಕು. ಮಂಡಕ್ಕಿ–ಮಿರ್ಚಿ ಆಟ ಮುಗಿದ ಮೇಲೆ.