ಗುಡ್ಡೆಗೆ ದನ ಬಿಡುವುದು ನಿಲ್ಲಿಸಿದ ಮೇಲೆ

ಹೆಬ್ರಿ ಸಮೀಪದ ನಮ್ಮ ಪುಂಜ ಗುಡ್ಡೆಯಲ್ಲಿ ಅಜ್ಜನ ಕಾಲದಿಂದಲೂ ದನ ಮೇಯುತ್ತಿತ್ತು. ನೋಡಿದರೆ ಬರೀ ಮುಳಿಹುಲ್ಲು, ಮುರಕಲ್ಲು. ಹುಲ್ಲು ಸರಿಸಿದರೆ ಮಾತ್ರ ನೇರಳೆ, ಮತ್ತಿ, ಹೆಬ್ಬಲಸಿನ ಹಳೆಯ ಬೊಡ್ಡೆಗಳು ಕಾಣುತ್ತಿದ್ದವು. ಪ್ರತಿ ಮಳೆಗೂ ಚಿಗುರುತ್ತಿದ್ದವು, ಪ್ರತಿ ಸಲವೂ ದನ ಬಾಯಿ ಹಾಕುತ್ತಿತ್ತು.

ಈ ಗುಡ್ಡೆಯನ್ನು ಮತ್ತೆ ಕಾಡಾಗಲು ಬಿಟ್ಟು, ಆ ಬೆಳವಣಿಗೆಗೆ ಕಾರ್ಬನ್ ಕ್ರೆಡಿಟ್ ಪಡೆಯಲು ಹೊರಟೆವು. ಬೇರು ಜೀವಂತ ಇರುವಾಗ ಸಸಿ ಯಾಕೆ ನೆಡಬೇಕು? ಗಡಿಯ ಅಗಳನ್ನು ಆಳ ಮಾಡಿಸಿ ಬೇಲಿ ಹಾಕಿದೆವು. ಬೇಸಗೆಗೆ ಮೊದಲೇ ಸುತ್ತಲೂ ಹುಲ್ಲು ಕೆರೆಸಿ, ಬೆಂಕಿ ದಾಟದಂತೆ ನೋಡಿಕೊಂಡೆವು. ಅಕೇಶಿಯಾ ಹಾಕಿ, ಬೇಗ ದುಡ್ಡಾಗುತ್ತದೆ ಎಂದವರಿದ್ದರು. ನನಗೆ ಬೇಕಿದ್ದದ್ದು ನಮ್ಮೂರಿನ ಕಾಡು.

ಒಂದು ಕಾರ್ಬನ್ ಕ್ರೆಡಿಟ್ ಎಂದರೆ ಮರಗಳು ಗಾಳಿಯಿಂದ ಹೀರಿ ಹಿಡಿದಿಟ್ಟ ಒಂದು ಟನ್ ಇಂಗಾಲದ ಡೈಆಕ್ಸೈಡಿನ ಲೆಕ್ಕ, ಅದನ್ನು ಮಾರಬಹುದು. ಮೊದಲೇ ನಿಂತಿದ್ದ ದೊಡ್ಡ ಮರಗಳಿಗೆ ಇಲ್ಲಿ ಏನೂ ಸಿಗುವುದಿಲ್ಲ. ದನ ಮೇಯಿಸುವುದನ್ನು ನಿಲ್ಲಿಸಿದ್ದರಿಂದ ಹೆಚ್ಚುವರಿಯಾಗಿ ಬೆಳೆದದ್ದಕ್ಕೆ ಮಾತ್ರ ಬೆಲೆ. ಮರದ ಸುತ್ತಳತೆ ತೆಗೆಯುವುದು ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಟೇಪು ಸುತ್ತುವ ಮೊದಲು ಬಳ್ಳಿ ಬಿಡಿಸಬೇಕು. ಒಂದೇ ಬೊಡ್ಡೆಯಿಂದ ಮೂರು ಕವಲು ಎದ್ದಿದ್ದರೆ ಮೂರನ್ನೂ ಬೇರೆ ಬೇರೆ ಬರೆಯಬೇಕು. ಸುತ್ತಳತೆ 63 ಸೆಂ.ಮೀ., ಎತ್ತರ 12 ಮೀಟರ್ ಇರುವ ಮಧ್ಯಮ ಗಟ್ಟಿತನದ ಮರದಲ್ಲಿ ನೆಲದ ಮೇಲಿನ ಒಣತೂಕ ಸುಮಾರು 160 ಕಿಲೋ. ಅದರಲ್ಲಿ ಇಂಗಾಲ 75 ಕಿಲೋ, 3.67ರಿಂದ ಗುಣಿಸಿದರೆ ಡೈಆಕ್ಸೈಡ್ 275 ಕಿಲೋ. ಅಂದರೆ ಒಂದು ಕ್ರೆಡಿಟ್‌ಗೆ ಅಂಥ ನಾಲ್ಕು ಮರ ಬೇಕು. ಎಕರೆಗೆ ಲಕ್ಷ ಎಂದು ಹೇಳಿಕೊಂಡು ಬರುವ ದಲ್ಲಾಳಿಗಳ ಮುಂದೆ ಈ ಲೆಕ್ಕ ಇಡಿ.

ಮರಕ್ಕಿಂತ ಹೆಚ್ಚು ಓಡಾಡಿಸಿದ್ದು ಕಾಗದಪತ್ರ. ನಮ್ಮ ಕರಾವಳಿಯಲ್ಲಿ ಕದೀಂ ವರ್ಗ, ಅಂದರೆ ಹಳೆಯ ಪಟ್ಟಾ ಜಮೀನಿನ ಸುತ್ತ 100 ಗಜದೊಳಗಿನ ಕುಮ್ಕಿ ಎನ್ನುವ ಜಾಗದಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು ಇದೆ, ಆದರೆ ಭೂಮಿ ಸರ್ಕಾರದ್ದು. ಹಾಗಾಗಿ ಆರ್‌ಟಿಸಿಯಲ್ಲಿ ನಮ್ಮ ಹೆಸರಿರುವ ವರ್ಗ ಜಾಗವನ್ನಷ್ಟೇ ಸೇರಿಸಿದೆವು. ಕಾರ್ಬನ್ ಕ್ರೆಡಿಟ್‌ಗಳಿಗೆ ಮಾನದಂಡ ಹಾಕಿ ನೋಂದಾಯಿಸುವ ವೆರಾ ಸಂಸ್ಥೆಯ ನಿಯಮದಂತೆ, ಕ್ರೆಡಿಟ್‌ಗಾಗಿ ಸಹಜ ಕಾಡು ಕಡಿದ ಜಾಗವನ್ನು 10 ವರ್ಷದೊಳಗೆ ತರುವಂತಿಲ್ಲ. ನಾವು ಹಾಗೆ ಕಡಿದಿಲ್ಲ ಎನ್ನುವುದಕ್ಕೆ ಹಳೆಯ ಉಪಗ್ರಹ ಚಿತ್ರ ಸಾಕ್ಷಿಯಾಯಿತು.

"ನಮ್ಮ ದನ ಇನ್ನು ಎಲ್ಲಿಗೆ ಬಿಡುವುದು ಮಾರಾಯ್ರೆ?" ಎಂದು ಪಕ್ಕದ ಮನೆಯ ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇಲ್ಲಿಂದ ಓಡಿಸಿದ ದನ ಇನ್ನೊಂದು ಕಾಡನ್ನು ಮೇಯ್ದರೆ ವಾತಾವರಣಕ್ಕೇನು ಲಾಭ? ಆ ನಷ್ಟವನ್ನು ಕ್ರೆಡಿಟ್‌ನಿಂದ ಕಳೆಯುತ್ತಾರೆ. ತೋಟದ ಬದಿಯಲ್ಲಿ ನೇಪಿಯರ್ ಹುಲ್ಲು ಬೆಳೆಸಿ ಎರಡೂ ಮನೆಯ ಹಟ್ಟಿಗೆ ಹಂಚಿಕೊಂಡೆವು. ತರಗೆಲೆ ಗುಡಿಸುವುದನ್ನು ಗುಡ್ಡೆಯ ಕೆಳಬದಿಗೆ ಸೀಮಿತ ಮಾಡಿದೆವು.

ತಪಾಸಣೆಯ ಖರ್ಚು ಒಬ್ಬ ರೈತನಿಗೆ ಹೊರೆ, ಆದ್ದರಿಂದ ನೆರೆಹೊರೆಯವರು ಒಟ್ಟಾಗಿ ಒಂದೇ ಯೋಜನೆಗೆ ಸೇರಿದ್ದೇವೆ. ಬೆಂಕಿ, ಗಾಳಿಗೆ ಮರ ಹೋದರೆ ತುಂಬಿಕೊಡಲು ಒಂದಷ್ಟು ಕ್ರೆಡಿಟ್ ಮೀಸಲಾಗಿ ಹಿಡಿದಿಡುತ್ತಾರೆ. ಮಾರಲು ಸಿಗುವುದು ಉಳಿದದ್ದು. ಸ್ವತಂತ್ರ ತಪಾಸಣೆ ಮುಗಿಯದೆ ಹಣ ಬರುವುದಿಲ್ಲ, ನಮ್ಮದು ಈಗ ಆ ಹಂತದಲ್ಲಿದೆ. ಕರಾರು ದಶಕಗಳದ್ದು. ಪಾಲು ಎಷ್ಟು, ಮಧ್ಯದಲ್ಲಿ ಬಿಟ್ಟರೆ ದಂಡ ಏನು ಎಂಬುದನ್ನು ಕನ್ನಡದಲ್ಲೇ ಬರೆಸಿಕೊಂಡು, ಜಾಗದಲ್ಲಿ ಹಕ್ಕಿರುವ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಓದಿದ ನಂತರವೇ ನಾವು ಸಹಿ ಹಾಕಿದ್ದು.